ಮುಖಕ್ಕೆ ಕೂಡಿದ ಬಣ್ಣ

ಕಿನ್ನಾಳದ ಓಬಳೆಪ್ಪನ ಮನೆಯ ಮೆಟ್ಟಿಲು ಹತ್ತುತ್ತಿದ್ದ ವಿರುಪಣ್ಣನ ಎದೆಗೆ ಒಂದು ಬೇವಿನ ಟೊಂಗೆ ಅಡ್ಡ ಬಂತು. ಟೊಂಗೆಯ ಇನ್ನೊಂದು ತುದಿ ಹಿಡಿದವಳು ಒಬ್ಬ ಹುಡುಗಿ. ಕೈಗೆಲ್ಲ ಹಳದಿ ಬಣ್ಣ, ಹಣೆಯ ಮೇಲೊಂದು ಹಸಿರು ಗೆರೆ, ಕಣ್ಣಲ್ಲಿ ಮಾತ್ರ ಪೊಲೀಸ್ ಪಾಟೀಲನ ಗತ್ತು.

"ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ."

"ಯಾಕ್ರಿ?"

"ಮಾರಿ ತುಂಬ ವಲ್ಲಿ ಸುತ್ಕೊಂಡೀರಿ. ಅಮ್ಮ ಬಂದಾಳಲ್ಲ ನಿಮಗ? ಮೈಮ್ಯಾಲ ಅಮ್ಮನ್ನ ಹೊತ್ಕೊಂಡು ಮಂದಿ ಮನಿಗೆ ಬರ್ತಾರೇನ್ರಿ?"

ಸಿಡುಬು ಅಂದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಹುಡುಗಿಯದು ತಪ್ಪೇನಿಲ್ಲ. ವಿರುಪಣ್ಣ ಒಂದು ನಿಟ್ಟುಸಿರು ಬಿಟ್ಟು ಮುಖಕ್ಕೆ ಸುತ್ತಿದ್ದ ವಲ್ಲಿ ಬಟ್ಟೆ ಬಿಚ್ಚಿದ. ಎರಡೂ ಕೆನ್ನೆಯ ತುಂಬ ಹಳೆಯ ಮೊಡವೆಗಳು ಬಿಟ್ಟುಹೋದ ಕುಣಿಗಳು, ಅವುಗಳ ನಡುನಡುವೆ ಕಪ್ಪು ಕಲೆಗಳು.

"ಅಮ್ಮ ಅಲ್ರಿ. ಗುಳ್ಳಿ ಆಗಿ ಹೋದ ಕಲಿ."

ಇಂಥ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತು. ಒಮ್ಮೆ ನೋಡಿ, ಅವನ ಕಿವಿಯನ್ನೋ ಹಿಂದಿನ ಗೋಡೆಯನ್ನೋ ನೋಡುತ್ತ ಮಾತಾಡುತ್ತಾರೆ. ಈ ಹುಡುಗಿ ಹಾಗೆ ಮಾಡಲಿಲ್ಲ. ಟೊಂಗೆ ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಗೊಂಬೆ ಮಾಡಲು ತಂದ ಕಟ್ಟಿಗೆಯಲ್ಲಿ ಗಂಟು ಎಲ್ಲಿದೆ ಎಂದು ಹುಡುಕುವವಳ ಹಾಗೆ ಎಡಗೆನ್ನೆ ನೋಡಿದಳು, ಬಲಗೆನ್ನೆ ನೋಡಿದಳು.

"ಇಷ್ಟಕ್ಕ ಯಾಕ ಮುಚ್ಕೊಂಡಿದ್ರಿ? ನಾ ಸುಮ್ಮನ ಹೆದರಿದೆ," ಎಂದಳು. "ಒಳಗ ಬರ್ರಿ. ಅಪ್ಪ ಅದಾನ."

ಆಕೆ ಓಬಳೆಪ್ಪನ ಒಬ್ಬಳೇ ಮಗಳು, ಹುಲಿಗವ್ವ. ತಾಯಿ ಇಲ್ಲದ ಮನೆ. ಅಪ್ಪ ಕಟ್ಟಿಗೆ ಕೆತ್ತುತ್ತಿದ್ದ, ಮಗಳು ಬಣ್ಣ ಕೊಡುತ್ತಿದ್ದಳು. ಪಡಸಾಲೆಯ ತುಂಬ ಬಣ್ಣ ಕಾಣದ ಆನೆ, ಅರ್ಧ ಬಣ್ಣದ ಗೌರಿ, ಮೂಗಿಲ್ಲದ ಗರುಡ ಸಾಲಾಗಿ ಕುಳಿತಿದ್ದವು.

ವಿರುಪಣ್ಣನೂ ಗೊಂಬೆ ಮಾಡುವ ಚಿತ್ರಗಾರರ ಮನೆಯವನೇ, ಯಲಬುರ್ಗಾ ಕಡೆಯ ಮಂಗಳೂರಿನವನು. ಆದರೆ ಅವನಿಗೆ ದೇವರು ಕುಂಚ ಹಿಡಿಯುವ ಕೈಗಿಂತ ಹಾಡುವ ಕಂಠ ಹೆಚ್ಚು ಕೊಟ್ಟಿದ್ದ. ಹುಡುಗನಾಗಿದ್ದಾಗಲೇ ಮಕ್ಬುಲಸಾಬರ ನಾಟಕ ಕಂಪನಿ ಸೇರಿ ನಾಯಕಿಯ ಪಾತ್ರ ಕಟ್ಟತೊಡಗಿದ. ಕುಷ್ಟಗಿಯಲ್ಲಿ ಒಬ್ಬ ಸಾಹುಕಾರ ಅವನ ಅಳು ನೋಡಿ ತಾನೂ ಅತ್ತು, ಮರುದಿನ ಇಳಕಲ್ ಸೀರೆ ಕಳಿಸಿದ್ದುಂಟು. ಅದೇ ಸಾಹುಕಾರ ಬೆಳಿಗ್ಗೆ ಬಾವಿಯ ಹತ್ತಿರ ಎದುರಾದಾಗ ಇವನ ಗುರುತೇ ಹಿಡಿಯಲಿಲ್ಲ. ವರ್ಷಗಟ್ಟಲೆ ಬಳಿದುಕೊಂಡ ಬಿಳಿ ಬಣ್ಣ ಮುಖದ ತುಂಬ ಮೊಡವೆ ಎಬ್ಬಿಸಿ, ಮೊಡವೆ ಹೋಗಿ ಕುಣಿ ಉಳಿದಿದ್ದವು.

ಎಣ್ಣೆ ಪಂಜಿನ ಬೆಳಕು ಇರುವ ತನಕ ಅದೇನೂ ತೊಂದರೆ ಆಗಿರಲಿಲ್ಲ. ಈ ವರ್ಷ ಮಕ್ಬುಲಸಾಬರು ಗ್ಯಾಸ್ ಬತ್ತಿ ತರಿಸಿದರು. ಸಾಲದ್ದಕ್ಕೆ ಹೊಸ ನಾಟಕ, ಅದರಲ್ಲಿ ನಾಯಕಿ ರಾಣಿಯಲ್ಲ, ಒಕ್ಕಲಿಗರ ಮನೆಯ ಸಾದಾ ಹುಡುಗಿ.

"ಹೊಲದಾಗ ಕಳಿ ತಗಿಯೋ ಹುಡುಗಿ, ಸುಣ್ಣ ಬಳಿದ ಗ್ವಾಡಿ ಹಂಗ ಕಾಣಾಕತ್ತಾಳ," ಎಂದಿದ್ದರು ಸಾಹೇಬರು. "ತೆಳ್ಳಗ ಹಚ್ಚಿದ್ರ ಕುಣಿ ಕಾಣ್ತಾವ, ದಪ್ಪ ಹಚ್ಚಿದ್ರ ಬಿರುಕು ಬಿಡ್ತೈತಿ. ಬೇಟಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಗಂಗಾವತಿ ಕ್ಯಾಂಪ್ ಶುರು ಆಗೋದ್ರಾಗ ಏನರ ದಾರಿ ನೋಡ್ಕೋ. ಇಲ್ಲಂದ್ರ ಗದಗಿನಿಂದ ಹೆಣ್ಣುಮಗಳನ್ನ ಕರಿಸ್ತೀನಿ."

ವಿರುಪಣ್ಣ ಹುಬ್ಬಳ್ಳಿಯಿಂದ ಮುಖಕ್ಕೆ ಹಚ್ಚುವ ಸ್ನೋ ತರಿಸಿದ, ಪೌಡರ್ ಡಬ್ಬಿ ತರಿಸಿದ. ಸ್ನೋ ಹಚ್ಚಿದರೆ ಬೆವರಿಗೆ ಇಳಿದು ಬಂತು, ಪೌಡರ್ ಹಚ್ಚಿದರೆ ಕುಣಿಯಲ್ಲಿ ಕುಳಿತು ಎದ್ದು ಕಂಡಿತು. ಪಾತ್ರ ಹೋದರೆ ವಿರುಪಣ್ಣನಿಗೆ ಬೇರೆ ಕೆಲಸ ಬಾರದು, ಬೇರೆ ಮನೆಯೂ ಇರಲಿಲ್ಲ. ಕಂಪನಿಯ ಚಕ್ಕಡಿಗಳು ಕೊಪ್ಪಳ ಬಿಟ್ಟು ಗಂಗಾವತಿ ದಾರಿ ಹಿಡಿದಾಗ ಅವನು ಕಿನ್ನಾಳದ ದಾರಿ ಹಿಡಿದ. ಕಟ್ಟಿಗೆಯನ್ನು ದೇವಿ ಮಾಡುವವರು ತನ್ನ ಮುಖಕ್ಕೂ ಏನಾದರೂ ಮಾಡಿಯಾರು ಎಂಬ ಆಸೆ.

ಓಬಳೆಪ್ಪ ಎಲ್ಲ ಕೇಳಿಯೂ ಉಳಿಯಿಂದ ತಲೆ ಎತ್ತಲೇ ಇಲ್ಲ.

"ನಮ್ಮವನಾಗಿ ಕುಂಚ ಬಿಟ್ಟು ಸೀರಿ ಉಟ್ಟಿ. ನಿನ್ನ ಮಾರಿ ನಾ ಮುಟ್ಟಂಗಿಲ್ಲಪಾ. ಬೇಕಾದ್ರ ಮಗಳು ಬಣ್ಣ ಕಲಿಸಿ ಕೊಡ್ತಾಳ."

"ಯಜಮಾನ್ರ, ಹೆಣ್ಣುಮಗಳು..."

"ಸೀರಿ ಉಟ್ಟು ತಿರಗಾವ ನೀ. ನಿನ್ನ ಮುಂದ ಹೆಣ್ಣುಮಗಳು ಕುಂತರ ಏನಾಗ್ತೈತಿ," ಎಂದು ಮುದುಕ ಬೆನ್ನು ತಿರುಗಿಸಿ ಕುಳಿತ.

ಆ ಮಾತು ವಿರುಪಣ್ಣನಿಗೆ ಚುಚ್ಚಿತು. ಹುಡುಗಿಯ ಎದುರಿಗೇ ಹೇಳಿದ್ದು ಇನ್ನಷ್ಟು ಚುಚ್ಚಿತು. ಹುಲಿಗವ್ವ ಮಾತ್ರ ಏನೂ ಕೇಳಿಸದವಳಂತೆ ಬಟ್ಟಲು ತೊಳೆಯುತ್ತಿದ್ದಳು.

ಮೊದಲ ದಿನ ಆಕೆ ತನಗೆ ಗೊತ್ತಿದ್ದುದನ್ನೇ ಮಾಡಿದಳು. ಕಟ್ಟಿಗೆಯಲ್ಲಿ ಕುಣಿ ಇದ್ದರೆ ಚಿತ್ರಗಾರರು ಹುಣಸೆ ಬೀಜದ ಅಂಟಿನಲ್ಲಿ ಬಿಳಿ ಮಣ್ಣು ಕಲಸಿ ತುಂಬುತ್ತಾರೆ, ಒಣಗಿದ ಮೇಲೆ ಬಣ್ಣ ಕೊಡುತ್ತಾರೆ. ವಿರುಪಣ್ಣನ ಕೆನ್ನೆಗೂ ಅದೇ ಉಪಚಾರ ಆಯಿತು. ಮೈ ಮುಟ್ಟುವ ಹಾಗಿಲ್ಲ. ಉದ್ದ ಹಿಡಿಯ ಕುಂಚದ ತುದಿಯಿಂದ ಒಂದೊಂದೇ ಕುಣಿ ತುಂಬಿದಳು. ಒಣಗಿದ ಮೇಲೆ ದೂರ ಸರಿದು ನೋಡಿ ತಲೆಯಾಡಿಸಿದಳು.

"ಛಲೋ ಕುಂತೈತಿ. ನುಣ್ಣಗ ಆಗೀರಿ. ಈಗ ನಿಮ್ಮನ್ನ ಗೌರಿ ಬಾಜೂಕ ಇಟ್ರ ಆತು. ಯಾರರ ಬಂದು ಉಡಿ ತುಂಬಿ ಹೋಗ್ತಾರ."

ವಿರುಪಣ್ಣ ನಕ್ಕುಬಿಟ್ಟ. ನಕ್ಕಿದ್ದೇ ತಡ, ಎಡಗೆನ್ನೆ ಚಟ್ ಎಂದು ಬಿರಿದು ಒಂದು ಚೂರು ಮಡಿಲಿಗೆ ಬಿತ್ತು. ಹಿಂದೆಯೇ ಬಲಗೆನ್ನೆಯದೂ ಬಿತ್ತು. ಹುಲಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಭುಜ ಮಾತ್ರ ಅಲುಗುತ್ತಿತ್ತು.

"ನನ್ನ ಗೊಂಬಿ ಯಾವೂ ನಗಂಗಿಲ್ರಿ," ಎಂದಳು ಕೊನೆಗೆ, ಕಣ್ಣೊರೆಸಿಕೊಳ್ಳುತ್ತ. "ಅದು ನನ್ನ ನೆಪ್ಪಿಗೇ ಬರಲಿಲ್ಲ. ನಾಳಿ ಬರ್ರಿ."

ಮಾರುತಿ ಗುಡಿಯ ಪೌಳಿಯಲ್ಲಿ ತಂಗಿದ್ದ ವಿರುಪಣ್ಣ ಮರುದಿನ ಹೊತ್ತು ಏರುವ ಮೊದಲೇ ಬಂದ. ಅಷ್ಟರಲ್ಲಿ ಹುಲಿಗವ್ವ ಅಕ್ಕಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಇಳಿದ ಹಿಟ್ಟನ್ನು ಆರಿಸಿಟ್ಟಿದ್ದಳು. ಗೊಂಬೆಯ ಬಣ್ಣಗಳನ್ನು ಹತ್ತಿರಕ್ಕೇ ಬಿಡಲಿಲ್ಲ. "ಅದರಾಗ ವಿಷ ಇರ್ತೈತಿ, ಜೀವ ಇರೋ ಚರ್ಮಕ್ಕ ಬ್ಯಾಡ" ಎಂದಳು. ಅಕ್ಕಿ ಹಿಟ್ಟಿಗೆ ಚೂರು ಕೆಂಪು ಜಾಜು ಮಣ್ಣು, ಚೂರು ಹಳದಿ ಮಣ್ಣು, ಎರಡು ಹನಿ ಕೊಬ್ಬರಿ ಎಣ್ಣೆ, ಪನ್ನೀರು. ಅವನನ್ನು ಬಾಗಿಲಿನ ಬಿಸಿಲಿಗೆ ಮುಖ ಮಾಡಿ ಕೂರಿಸಿ ದವಡೆಯ ಮೇಲೆ ಒಂದು ಗೆರೆ ಎಳೆದಳು.

"ಇಷ್ಟು ದಿನ ನಿಮಗ ಬಣ್ಣ ಯಾರು ಹಚ್ಚತಿದ್ರು?"

"ನಾನ."

"ಬೆಳ್ಳಗ ಆಗಾಕ ಹೋಗೀರಿ. ಮಾರಿ ಬೆಳ್ಳಗಾದಷ್ಟು ಕುಣಿ ಕರ್ರಗ ಕಾಣ್ತಾವ. ನಿಮ್ಮ ಬಣ್ಣಾನ ನಿಮಗ ಸಾಕ್ರಿ. ಗೋದಿ ಬಣ್ಣ ಛಲೋನ ಐತಿ. ಅದಕ್ಕ ಸರಿ ಕೂಡೋದನ್ನ ತೆಳ್ಳಗ ಹಚ್ಚಿದ್ರ ಕಲಿ ಕಣ್ಣಿಗೆ ಬೀಳಂಗಿಲ್ಲ."

ನಿಮ್ಮ ಬಣ್ಣ ಛಲೋ ಐತಿ ಎಂದು ಅವನಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಅವನು ಕೆನ್ನೆಯನ್ನು ಬಿಸಿಲಿಗೆ ಇನ್ನಷ್ಟು ತಿರುಗಿಸಿ ಕುಳಿತ.

ಹುಲಿಗವ್ವ ಗೆರೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟಲಿಗೆ ಇನ್ನೊಂದು ಚಿಟಿಕೆ ಜಾಜು ಹಾಕಿ ಕಲಕಿ, "ಕೆಂಪು ಹೆಚ್ಚಾತು. ನಾಳಿ ಬರ್ರಿ" ಎಂದಳು.

ನಾಳೆ ಹಳದಿ ಹೆಚ್ಚಾಯಿತು. ಅದರ ನಾಳೆ ಎಣ್ಣೆ ಕಡಿಮೆಯಾಯಿತು. ಕೂಡದ ಬಣ್ಣಕ್ಕೆ ವಿರುಪಣ್ಣ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ. ಗಂಗಾವತಿಯ ದಿನ ಹತ್ತಿರ ಬರುತ್ತಿದೆ ಎಂಬ ಎದೆಬಡಿತ ಒಂದು ಕಡೆ, ನಾಳೆಯೂ ಈ ಬಾಗಿಲಲ್ಲಿ ಕೂರಬಹುದು ಎಂಬ ಸುಖ ಇನ್ನೊಂದು ಕಡೆ.

"ನಿಮಗಿಂತ ಛಂದ ಸೀರಿ ನಾ ಉಡ್ತೀನ್ರಿ," ಎಂದಳು ಒಂದು ದಿನ.

"ನೆರಿಗಿ ಹಿಡಿಯೋದ್ರಾಗ ನನ್ನ ಗೆಲ್ಲಾಕ ಆಗಂಗಿಲ್ಲ. ನಿಮ್ಮವು ಒಂದು ಕಡಿ ಜಾರ್‍ಯಾವ ನೋಡ್ರಿ."

ಹುಲಿಗವ್ವ ಅವನನ್ನೊಮ್ಮೆ ದಿಟ್ಟಿಸಿದಳು. ನೋಟ ಕೆಳಗಿಳಿದು ನೆರಿಗೆಯ ತನಕ ಹೋಯಿತು, ಹೋದಷ್ಟೇ ಬೇಗ ಮೇಲೆ ಬಂತು. "ಅಷ್ಟೆಲ್ಲಾ ನೋಡಬಾರ್ದು," ಎಂದಳು. ಮರುದಿನ ಆಕೆಯ ನೆರಿಗೆ ಒಂದು ಎಳೆಯೂ ಜಾರಿರಲಿಲ್ಲ. ವಿರುಪಣ್ಣ ಅದನ್ನು ನೋಡಿದ, ನೋಡಿದ್ದನ್ನು ಆಕೆ ನೋಡಿದಳು, ಇಬ್ಬರೂ ಬಟ್ಟಲಿನ ಕಡೆ ತಿರುಗಿದರು.

ಅವನಿಗೆ ಒಂದೇ ಕೊರಗು. ತಾನು ಈಕೆಗೆ ಏನು? ಅಪ್ಪನ ಹಾಗೆ ಈಕೆಯೂ ತನ್ನನ್ನು ಗಂಡಸೆಂದು ಲೆಕ್ಕಕ್ಕೇ ಹಿಡಿದಿಲ್ಲವೇನೋ. ಅದಕ್ಕೇ ಇಷ್ಟು ನಿರಾಳವಾಗಿ ಎದುರು ಕೂರುತ್ತಾಳೇನೋ. ಕೊನೆಗೆ ಧೈರ್ಯ ಮಾಡಿ, ಮೆಲ್ಲಗೆ ಕೇಳಿದ.

"ನಿಮಗ ನಾ ಏನಾಗಿ ಕಾಣ್ತೀನ್ರಿ?"

"ಕಣ್ಣು ಮುಚ್ರಿ. ರೆಪ್ಪಿ ಮ್ಯಾಲ ಹಚ್ಚಬೇಕು."

ಮುಚ್ಚಿದ. ಕುಂಚ ಬರಲಿಲ್ಲ. ಎಷ್ಟು ಹೊತ್ತಾದರೂ ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದರೆ ಹುಲಿಗವ್ವ ಕುಂಚ ಗಾಳಿಯಲ್ಲೇ ಹಿಡಿದುಕೊಂಡು ಕುಳಿತಿದ್ದಳು, ಅದರ ತುದಿಯ ಬಣ್ಣ ಒಣಗಿತ್ತು.

"ಮುಚ್ರಿ ಅಂದೆ," ಎಂದು ಗದರಿದಳು. ಆ ದಿನವೂ ಬಣ್ಣ ಕೂಡಲಿಲ್ಲ.

ಗಂಗಾವತಿಗೆ ಹೊರಡಲೇಬೇಕಾದ ದಿನ ಬಂತು. ಹುಲಿಗವ್ವ ಮರದ ಡಬ್ಬಿಯೊಂದನ್ನು ಹೊಸ್ತಿಲ ಮೇಲಿಟ್ಟಳು. ಅವನು ಕೆನ್ನೆಗೆ ಹಚ್ಚಿಕೊಂಡು ಕನ್ನಡಿ ನೋಡಿದ. ಹಚ್ಚಿದ್ದೆಲ್ಲಿ ಎಂದು ಅವನಿಗೇ ತಿಳಿಯಲಿಲ್ಲ. ಮುಖ ಹಗುರವಾಗಿತ್ತು, ತನ್ನದೇ ಆಗಿತ್ತು, ಕಲೆಗಳು ಮಾತ್ರ ಎಲ್ಲೋ ಹಿಂದೆ ಸರಿದಿದ್ದವು. ಸುಮ್ಮನೆ ಒಮ್ಮೆ ನಕ್ಕು ನೋಡಿದ, ಏನೂ ಉದುರಲಿಲ್ಲ.

"ನಿಮ್ಮ ಉಪಕಾರ..." ಎಂದ. ನಾಟಕದಲ್ಲಾದರೆ ಮುಂದಿನ ಮಾತನ್ನು ಮರೆಯಲ್ಲಿ ನಿಂತು ಯಾರಾದರೂ ಹೇಳಿಕೊಡುತ್ತಿದ್ದರು.

"ಬಂಡಿ ತಪ್ಪತೈತಿ, ಹೋಗ್ರಿ," ಎಂದಳು ಹುಲಿಗವ್ವ, ಬೇರೆ ಕಡೆ ನೋಡುತ್ತ. ಅಷ್ಟು ದಿನಗಳಲ್ಲಿ ಆಕೆ ಅವನ ಮುಖ ನೋಡದೆ ಮಾತಾಡಿದ್ದು ಅದೇ ಮೊದಲು.

ಗಂಗಾವತಿಯಲ್ಲಿ ಮಕ್ಬುಲಸಾಬರು ಹಗಲಿನಲ್ಲೇ ಪರದೆ ಕಟ್ಟಿಸಿ ಗ್ಯಾಸ್ ಬತ್ತಿ ಹಚ್ಚಿಸಿದರು. ವಿರುಪಣ್ಣ ಹಸಿರು ಸೀರೆ ಉಟ್ಟು ಬೆಳಕಿನ ಕೆಳಗೆ ಬಂದು ನಿಂತ.

"ಬಣ್ಣ ಹಚ್ಕೊಂಡು ಬಾರಪಾ, ಹಂಗ ಯಾಕ ಬಂದಿ?" ಎಂದರು ಸಾಹೇಬರು ರೇಗಿ. ಆಮೇಲೆ ಕಣ್ಣು ಕಿರಿದು ಮಾಡಿ ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು. "ಯಾ ಅಲ್ಲಾ. ನಿನ್ನ ಕುಣಿ ಎಲ್ಲಿ ಹೋದವು?"

"ಅಲ್ಲೇ ಅದಾವ್ರಿ ಸಾಹೇಬ್ರ."

ಗದಗಿಗೆ ಹೇಳಿಕಳಿಸುವ ಮಾತು ಅಲ್ಲಿಗೆ ನಿಂತಿತು. ಪಾತ್ರ ಉಳಿಯಿತು. ಎಲ್ಲರೂ ಬೆನ್ನು ತಟ್ಟಿದರು. ವಿರುಪಣ್ಣ ಮಾತ್ರ ಮೂಲೆಯಲ್ಲಿ ಕುಳಿತು ಮುಖ ತೊಳೆದುಕೊಂಡ. ಇಷ್ಟು ದೊಡ್ಡ ಸಂತೋಷವನ್ನು ಮೊದಲು ಹೇಳಬೇಕಾದವಳಿಗೆ ಹೇಳದೆ ಇಟ್ಟುಕೊಂಡರೆ ಅದು ದಕ್ಕುವುದಿಲ್ಲ ಎನ್ನಿಸಿತು. ಸಾಹೇಬರ ಅಪ್ಪಣೆ ಪಡೆದು, ಆನೆಗೊಂದಿಯ ಬಾಳೆಗೊನೆಯೊಂದನ್ನು ಹೆಗಲಿಗೇರಿಸಿ, ಸಿಕ್ಕ ಬಂಡಿ ಹತ್ತಿದ.

ಕಿನ್ನಾಳ ತಲುಪಿದಾಗ ಮಧ್ಯಾಹ್ನದ ಬಿಸಿಲು. ಓಬಳೆಪ್ಪ ಬಾಗಿಲಿಗೆ ಬೆನ್ನು ಮಾಡಿ ಕೆತ್ತುತ್ತಿದ್ದ. ಹುಲಿಗವ್ವ ಆನೆಯೊಂದಕ್ಕೆ ಬಣ್ಣ ಕೊಡುತ್ತಿದ್ದವಳು ಹಾಗೇ ನಿಂತಳು. ವಿರುಪಣ್ಣ ಗೊನೆ ಕೆಳಗಿಟ್ಟ.

"ಪಾತ್ರ ಉಳೀತ್ರಿ, ಯಜಮಾನ್ರ. ನಿಮ್ಮ ಮನಿಯಿಂದ ನನ್ನ ಅನ್ನ ಉಳೀತು." ಉಸಿರು ತೆಗೆದುಕೊಂಡ. "ಇನ್ನೊಂದು ಮಾತು ಕೇಳಾಕ ಬಂದೀನಿ. ನಿಮ್ಮ ಮಗಳನ್ನ ನನಗ ಕೊಡ್ರಿ. ಸೀರಿ ಉಡೋದು ಬ್ಯಾಡ ಅಂದ್ರ ಇವತ್ತ ಬಿಡ್ತೀನಿ. ಉಳಿ ಹಿಡಿಯೋದು ಕಲೀತೀನಿ."

"ಬಿಟ್ರ ನಾ ಮಾಡಿದ ಬಣ್ಣ ಯಾರಿಗೆ ಹಚ್ಚಲಿ?"

ಹೇಳಿದವಳು ಹುಲಿಗವ್ವ. ಹೇಳಿದ ಮೇಲೆ ತಾನು ಹೇಳಿದ್ದು ಏನೆಂದು ಹೊಳೆದು ಆನೆಯ ಹಿಂದೆ ಅಡಗಲು ನೋಡಿದಳು. ಆನೆ ಗೇಣುದ್ದದ್ದು.

ಓಬಳೆಪ್ಪ ಉಳಿ ಕೆಳಗಿಟ್ಟ. ಮೊದಲ ಸಲ ಪೂರ್ತಿ ತಿರುಗಿ ಕುಳಿತು ವಿರುಪಣ್ಣನ ಮುಖ ನೋಡಿದ.

"ಇಲ್ಲೆ ಕೇಳು. ನೀ ನಕ್ಕು ಒಡಕೊಂಡಿ ನೋಡು, ಅದರ ಮರುದಿನಾನ ಬಣ್ಣ ಕೂಡಿತ್ತು. ನಾ ಬೆನ್ನು ಮಾಡಿ ಕುಂತಿದ್ದೆ, ಕಣ್ಣು ಮುಚ್ಚಿರಲಿಲ್ಲ. ಕೂಡಿದ ಬಣ್ಣಕ್ಕ ದಿನಾ ಏನರ ಒಂದು ಹಾಕಿ ಕೆಡಿಸಾಕಿ ಈಕಿ. ಹುಟ್ಟಿದಾಗಿಂದ ಒಂದು ಚಿಟಿಗಿ ಬಣ್ಣ ಹಾಳು ಮಾಡಿದಾಕಿ ಅಲ್ಲ. ಯಾತಕ್ಕ ಮಾಡಾಕತ್ತಾಳ ಅಂತ ಮೊದಲು ಸಿಟ್ಟು ಬಂತು. ಆಮ್ಯಾಲ ತಿಳೀತು."

"ಅಪ್ಪಾ," ಎಂದಳು ಹುಲಿಗವ್ವ, ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ನಾ ಅಂದ ಮಾತು ಮನಸಿನ್ಯಾಗ ಇಟ್ಕೋಬ್ಯಾಡಪಾ," ಎಂದ ಮುದುಕ. "ಯಜಮಾನ್ರ ಅನ್ನೋದು ಬಿಡು. ಮಾವಾ ಅನ್ನು." ಹಾಗೆಂದವನೇ ಬಾಳೆಗೊನೆ ಎತ್ತಿಕೊಂಡು, ಅಗತ್ಯಕ್ಕಿಂತ ಜೋರಾಗಿ ಕೆಮ್ಮುತ್ತ ಹಿತ್ತಲಿಗೆ ಹೋದ.

ವಿರುಪಣ್ಣ ಹೊಸ್ತಿಲ ಮೇಲೆ ಕುಳಿತುಬಿಟ್ಟ. ಬೇಕೆಂದಾಗ ಅಳುವುದು ಅವನ ಕಸುಬು. ಈಗ ಬೇಡವೆಂದರೂ ಕಣ್ಣೀರು ನಿಲ್ಲಲಿಲ್ಲ. ತನ್ನ ಮುಖವನ್ನು ಇನ್ನೊಂದು ದಿನ ನೋಡಬೇಕೆಂದು ಒಬ್ಬಳು ಒಳ್ಳೆಯ ಬಣ್ಣ ಕೆಡಿಸಿದಳಲ್ಲ, ಆ ಋಣ ಯಾವ ಜನ್ಮದಲ್ಲಿ ತೀರೀತು. ಹುಲಿಗವ್ವ ಬಂದು ಎದುರು ಕುಳಿತಳು. ಕೈಯಲ್ಲಿ ಕುಂಚ ಇರಲಿಲ್ಲ. ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದಳು, ಎಡಗೆನ್ನೆ ಮೊದಲು, ಆಮೇಲೆ ಬಲಗೆನ್ನೆ.

"ಇವತ್ತು ಬಣ್ಣ ಹಚ್ಕೊಂಡಿಲ್ಲ," ಎಂದ ಅವನು, ತಪ್ಪು ಮಾಡಿದವನ ಹಾಗೆ.

"ಗೊತ್ತೈತ್ರಿ," ಎಂದಳು ಹುಲಿಗವ್ವ. "ನೋಡಾಕತ್ತೀನಿ."