ಇಪ್ಪತ್ತೇಳನೇ ನಂಬರಿನ ಬ್ಲೇಡು

"ಯಾರ ಕೈವಾಡ ಇದು?"

ಬೆಳಿಗ್ಗೆ ಆರೂ ಹತ್ತಕ್ಕೆ ಹಜಾರದ ವಾಶ್‌ಬೇಸಿನ್ ಮುಂದೆ ನಿಂತು ಮಾವ ಗುಡುಗಿದರು. ಅರ್ಧ ಮುಖಕ್ಕೆ ನೊರೆ. ಇನ್ನರ್ಧಕ್ಕೆ ರಕ್ತದ ಮೂರು ಗೆರೆ. ಅಡುಗೆಮನೆಯಿಂದ ಸೊಸೆ ಸೌಟು ಹಿಡಿದೇ ಓಡಿಬಂದಳು.

"ಸೋಮವಾರ ಒಂದು ಗಾಯ, ನಿನ್ನೆ ಎರಡು, ಇವತ್ತು ಮೂರು! ಏನಪ್ಪಾ ಅಂತ ಕನ್ನಡಕ ಹಾಕ್ಕೊಂಡು ನೋಡ್ತೀನಿ — ಬ್ಲೇಡಿನ ಬೆನ್ನ ಮೇಲೆ ಕಂಪನಿ ಹೆಸರೇ ಇಲ್ಲ. ಬರೀ ಇಪ್ಪತ್ತೇಳು ಅಂತ ನಂಬರು!"

ಸೊಸೆ ಬಗ್ಗಿ ನೋಡಿದಳು. ಇಪ್ಪತ್ತೇಳು ಅವಳದೇ ನಂಬರು. ಅವಳು ಕೆಲಸ ಮಾಡುವ ಸಣ್ಣ ಕಾರ್ಖಾನೆಯಲ್ಲಿ ತಯಾರಾಗುವುದು ಅಗ್ಗದ ರೇಜರ್ ಬ್ಲೇಡು, ದೊಡ್ಡ ಕಂಪನಿಯ ಹಿಡಿಗೂ ಸರಿಯಾಗಿ ಕೂರುವಂಥದ್ದು. ಭೂತಗನ್ನಡಿಯಲ್ಲಿ ನೋಡಿ ಅವಳು ಪಾಸು ಮಾಡಿದ್ದಕ್ಕೆಲ್ಲ ಇಪ್ಪತ್ತೇಳರ ಮುದ್ರೆ ಬೀಳುತ್ತದೆ. ಮದುವೆಯಾದ ಹೊಸತರಲ್ಲಿ, ತಾನೊಬ್ಬಳೇ ಪಾಸು ಮಾಡಿದ ಮೊದಲ ಟ್ರೇಯಿಂದ ಎಂಟು ಬ್ಲೇಡು ತಂದು ಮಾವನ ಕೈಗಿಟ್ಟಿದ್ದಳು. "ಪೆನ್ಸಿಲ್ ಕೆತ್ತೋಕೆ ಆಗುತ್ತೆ ಬಿಡು" ಎಂದು ಅವರು ಅದನ್ನು ಅಟ್ಟಕ್ಕೆ ಎಸೆದಿದ್ದರು.

"ನನ್ನ ಡಬ್ಬಿಗೆ ಇದನ್ನ ತುಂಬಿದ್ದು ನೀನೇ ತಾನೇ?"

"ಇಲ್ಲ ಮಾವ. ನನ್ನಾಣೆಗೂ ಇಲ್ಲ."

"ಮತ್ತೆ ಬ್ಲೇಡು ತಾನಾಗೇ ಅಟ್ಟದಿಂದ ಇಳಿದು ಬಂತಾ? ಕಳಪೆ ಮಾಲು ಅನ್ನೋದು ಇರಲಿ. ಸುಳ್ಳು ಹೇಳೋರ ಹತ್ತಿರ ನನಗೆ ಮಾತಿಲ್ಲ."

ಕೆಲಸಕ್ಕೂ ಮಾತಿಗೂ ಒಂದೇ ಏಟಿಗೆ ಕಳಂಕ. ಸೊಸೆಯ ಕಣ್ಣು ತುಂಬಿತು. ಮೂಲೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದ ಅತ್ತೆ ಏನೋ ಹೇಳಲು ಎದ್ದರು. ಮಾವ ಎಲ್ಲಿ ಬಿಟ್ಟಾರು? ಅವರು ನಿವೃತ್ತ ಸ್ಟೇಷನ್ ಮಾಸ್ಟರು. ಕಪಾಟಿನಿಂದ ಹಳೆಯ ಕೆಂಪು ಬಾವುಟ ತಂದು ನಲ್ಲಿಗೆ ಸಿಕ್ಕಿಸಿಯೇಬಿಟ್ಟರು. "ತನಿಖೆ ಮುಗಿಯೋವರೆಗೂ ಈ ಲೈನು ಬಂದ್!"

ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆಯಿತು. ಹಬೆಯ ಜೊತೆ ಹೊರಬಂದವರು ಸ್ಕ್ವಾಡಮ್ಮ — ಮಾವನ ಅಕ್ಕ. ತಿಂಗಳ ಮಟ್ಟಿಗೆಂದು ಭಾನುವಾರವಷ್ಟೇ ಬಂದಿದ್ದರು. ಮೂವತ್ತು ವರ್ಷ ಪರೀಕ್ಷೆಯಲ್ಲಿ ನಕಲು ಹಿಡಿಯುವ ಸ್ಕ್ವಾಡಿನಲ್ಲಿದ್ದು, ಕಾಲುಚೀಲದೊಳಗಿನ ಚೀಟಿಯನ್ನು ಬಾಗಿಲಲ್ಲೇ ನಿಂತು ಪತ್ತೆ ಮಾಡುತ್ತಿದ್ದವರು.

"ಯಾರೂ ಜಾಗ ಬಿಟ್ಟು ಏಳಬೇಡಿ!" ಎಂದರು.

"ಅತ್ತಿಗೆ, ನಾನು ಹೇಳೋದು ಏನಂದ್ರೆ —" ಅತ್ತೆ ಶುರು ಮಾಡಿದರು.

"ಪರೀಕ್ಷೆ ಹಾಲಿನಲ್ಲಿ ಮಾತಿಲ್ಲ! ಕೇಳಿದಾಗ ಹೇಳಿದರೆ ಸಾಕು."

ಅತ್ತೆ ಬೀನ್ಸಿನ ಮುಂದೆ ತೆಪ್ಪಗೆ ಕೂತರು. ಮನೆಯಲ್ಲಿ ಇನ್ನುಳಿದವನು ಮಗ. ಅವನು ಗಡ್ಡ ಬಿಟ್ಟವನು, ಅವನಿಗೂ ಬ್ಲೇಡಿಗೂ ಎರಡು ವರ್ಷದಿಂದ ಮಾತುಕತೆಯಿಲ್ಲ. ಅವನ ಹೆಸರನ್ನು ಸ್ಕ್ವಾಡಮ್ಮ ಶಂಕಿತರ ಪಟ್ಟಿಯಿಂದ ಆಗಲೇ ಹೊಡೆದುಹಾಕಿದರು.

"ಹಳೇ ಬ್ಲೇಡೆಲ್ಲ ಎಲ್ಲೋ, ತಮ್ಮಾ?"

"ತಗಡಿನ ಡಬ್ಬಿಲಿ ಹಾಕಿಡ್ತೀನಿ ಅಕ್ಕ. ಕಸದಲ್ಲಿ ಎಸೆದರೆ ಎತ್ತೋರ ಕೈ ಕುಯ್ಯುತ್ತೆ."

ಸ್ಕ್ವಾಡಮ್ಮ ಇಕ್ಕಳದಿಂದ ಒಂದೊಂದನ್ನೇ ಎತ್ತಿ ಕಾಗದದ ಮೇಲಿಟ್ಟರು. ಮೇಲಿನ ನಾಲ್ಕಕ್ಕೂ ಇಪ್ಪತ್ತೇಳರ ಮುದ್ರೆ. ಅದರ ಕೆಳಗಿನವಕ್ಕೆಲ್ಲ ಕಂಪನಿಯ ಹೆಸರು.

"ಒಂದು ಬ್ಲೇಡು ಎಷ್ಟು ದಿನ ಬಳಸ್ತೀಯ?"

"ಎರಡು ವಾರ. ಒಂದು ದಿನ ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಅಂದ್ರೆ ಎರಡು ತಿಂಗಳಿಂದ ನೀನು ಕೆರ್ಕೊಂಡಿದ್ದು ಈ ಅಗ್ಗದ ಬ್ಲೇಡಿನಲ್ಲೇ! ಭಾನುವಾರ ನಾನು ಬಂದಾಗ ಕೆನ್ನೆ ಸವರ್ಕೊಂಡು ಏನಂದೆ?"

ಮಾವ ಕೆಮ್ಮಿದರು. "ಅದು... ಕಂಪನಿ ಮಾಲು ಅಂದ್ರೆ ಕಂಪನಿ ಮಾಲು, ನೋಡಕ್ಕ, ಬೆಣ್ಣೆ ಬೆಣ್ಣೆ ಅಂದೆ."

ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎರಡು ತಿಂಗಳು! ತಾನು ಪಾಸು ಮಾಡಿದ್ದು ತಪ್ಪಿರಲಿಲ್ಲ. ಆದರೆ ಸೋಮವಾರದಿಂದ ಅದೇ ಬ್ಲೇಡು ಕಚ್ಚುತ್ತಿರುವುದೇಕೆ?

ಸ್ಕ್ವಾಡಮ್ಮನೂ ಅದನ್ನೇ ಕೇಳಿದರು. "ಸೋಮವಾರ ಈ ಮನೇಲಿ ಬದಲಾಗಿದ್ದೇನು?"

ಸ್ಕ್ವಾಡಮ್ಮ ಬಚ್ಚಲಿನ ಬಾಗಿಲಿಗೆ ಬೆರಳು ಮಾಡಿದರು. ಅಲ್ಲಿ ಮಾವ ಭಾನುವಾರ ಸಂಜೆ ಸ್ಕೇಲಿಟ್ಟು ಗೆರೆ ಎಳೆದು ಅಂಟಿಸಿದ್ದ ವೇಳಾಪಟ್ಟಿಯಿತ್ತು.

"ಓದಮ್ಮ, ಸೊಸೆ."

"ಅಕ್ಕ: ಆಗಮನ ಐದೂ ಐವತ್ತು, ನಿರ್ಗಮನ ಆರೂ ಇಪ್ಪತ್ತು. ನಾನು: ಕ್ಷೌರ ಆರೂ ಐದು, ಹೊರಗಿನ ಬೇಸಿನ್. ಸ್ನಾನ ಆರೂ ಇಪ್ಪತ್ತು..." ಓದುತ್ತಿದ್ದ ಸೊಸೆ ಥಟ್ಟನೆ ತಿರುಗಿದಳು. "ಮಾವ! ಮುಂಚೆ ನೀವು ಬಿಸಿನೀರ ಸ್ನಾನ ಆದ ಮೇಲೆ ಅಲ್ವಾ ಶೇವ್ ಮಾಡ್ತಿದ್ದಿದ್ದು?"

"ಹೌದು. ಅದಕ್ಕೇನೀಗ?"

"ಒಣಗಡ್ಡ ತಂತಿ ಇದ್ದ ಹಾಗೆ, ಮಾವ. ಬಿಸಿನೀರಲ್ಲಿ ನೆನೆದ್ರೇನೇ ಮೆತ್ತಗಾಗೋದು. ಈ ತಣ್ಣೀರು ಎರಚ್ಕೊಂಡು ಹೆರೆದ್ರೆ ಯಾವ ಕಂಪನಿ ಬ್ಲೇಡೂ ಕಚ್ಚುತ್ತೆ!"

"ಭೇಷ್!" ಎಂದರು ಸ್ಕ್ವಾಡಮ್ಮ. "ನಿನ್ನ ಗಾಯಕ್ಕೆ ಅಪರಾಧಿಗಳು ಇಬ್ಬರು, ತಮ್ಮಾ. ಅರ್ಧ ಗಂಟೆ ಬಚ್ಚಲು ಹಿಡಿಯೋ ನಾನು. ಆ ಪಟ್ಟಿ ಬರೆದ ನೀನು."

"ಸರಿ. ಆದ್ರೆ ಬ್ಲೇಡು ಬದಲಾಯಿಸಿದ್ದು?"

ಸ್ಕ್ವಾಡಮ್ಮ ಹೊದ್ದಿದ್ದ ಶಾಲು ತೆಗೆದು ಹಿಡಿದರು. "ಎಲ್ಲರೂ ನೋಡಿದ್ದೀರಿ, ಯಾರೂ ಗಮನಿಸಲಿಲ್ಲ. ಭಾನುವಾರ ಇದರ ತುಂಬ ಉಣ್ಣೆಯ ಗಂಟು. ಸೋಮವಾರ ಒಂದೂ ಇಲ್ಲ. ನಿನ್ನ ಸ್ವೆಟರಿನಲ್ಲೂ ಇಲ್ಲ, ಕಂಬಳಿಯಲ್ಲೂ ಇಲ್ಲ. ಇಷ್ಟು ನುಣ್ಣಗೆ ಹೆರೆಯೋಕೆ ಬ್ಲೇಡು ಬೇಡವಾ? ನಾದಿನಿ, ನಿನ್ನ ಹೊಲಿಗೆ ಡಬ್ಬಿ ಇತ್ತ ಕೊಡು!"

ಅತ್ತೆ ನಗುತ್ತಲೇ ಕೊಟ್ಟರು. ಒಳಗೆ ದಾರದುಂಡೆಗಳ ನಡುವೆ ಒಂದು ಹಳೆಯ ರೇಜರ್ ಹಿಡಿ, ಜೊತೆಗೆ ಮಾವನ ಎಂಟೂ ಕಂಪನಿ ಬ್ಲೇಡು. ಹಿಡಿಯಲ್ಲಿದ್ದ ಒಂದಕ್ಕೆ ಉಣ್ಣೆ ಮೆತ್ತಿತ್ತು.

"ನನ್ನ ಬ್ಲೇಡು... ಕಂಬಳಿಗಾ?"

"ಕಂಬಳಿಗೆ ಚೆನ್ನಾಗಿದೆ ರೀ" ಎಂದರು ಅತ್ತೆ. "ಹುಡುಗಿ ಅವತ್ತು ಎಷ್ಟು ಆಸೆಯಿಂದ ತಂದುಕೊಟ್ಟಳು. ನೀವು ಅಟ್ಟಕ್ಕೆ ಎಸೆದ್ರಿ. ಅವಳ ಮುಖ ನೋಡೋಕಾಗದೆ ನಾನೇ ಅದನ್ನ ಇಳಿಸಿ ನಿಮ್ಮ ಡಬ್ಬಿಗೆ ತುಂಬಿದೆ. ನಾಲ್ಕು ದಿನ ಬಿಟ್ಟು ಹೇಳೋಣ ಅಂತಿದ್ದೆ. ಆದ್ರೆ ದಿನಾ ಬೆಳಿಗ್ಗೆ ನೀವು ಕಂಪನಿ ಮಾಲಿನ ಗುಣಗಾನ ಮಾಡೋದು ಕೇಳೋಕೆ ಒಳ್ಳೇ ಮಜಾ ಇತ್ತು. ಇವತ್ತು ಹೇಳೋಕೆ ಬಾಯಿ ತೆಗೆದ್ರೆ, ಹಾಲಿನಲ್ಲಿ ಮಾತಿಲ್ಲವಂತೆ!"

ಸೊಸೆ ಹೋಗಿ ಅತ್ತೆಯ ಕೈ ಹಿಡಿದುಕೊಂಡಳು. ಮದುವೆಯಾಗಿ ಬಂದ ಮೇಲೆ ಈ ಮನೆ ತನ್ನದು ಎಂದು ಅವಳಿಗೆ ಪೂರ್ತಿಯಾಗಿ ಅನಿಸಿದ್ದು ಆಗಲೇ.

ಮಾವ ಮಾತ್ರ ಸೋಲಲಿಲ್ಲ. "ಮುಖ ಇನ್ನೂ ಅರ್ಧ ಬಾಕಿ ಇದೆ. ಪರೀಕ್ಷೆ ಆಗಲಿ!" ಬಿಸಿನೀರ ಸ್ನಾನ ಮುಗಿಸಿ ಬಂದರು. ಸ್ಕ್ವಾಡಮ್ಮ ಅವರ ಕನ್ನಡಕ ಕಸಿದುಕೊಂಡು ಎರಡು ರೇಜರ್ ಕೊಟ್ಟರು — ಒಂದಕ್ಕೆ ಅಗ್ಗದ ಬ್ಲೇಡು, ಇನ್ನೊಂದಕ್ಕೆ ಹೊಲಿಗೆ ಡಬ್ಬಿಯ ಹೊಸ ಕಂಪನಿ ಬ್ಲೇಡು. ಕೆನ್ನೆಗೆ ಒಂದು, ಗಲ್ಲದಡಿಗೆ ಇನ್ನೊಂದು. ಒಂದು ಹನಿ ರಕ್ತವಿಲ್ಲ. ಮಾವ ಸವರಿದರು. ತಡೆದು ಮತ್ತೆ ಸವರಿದರು. ಕೊನೆಗೆ ಕೆನ್ನೆಯ ರೇಜರನ್ನು ಎತ್ತಿ ಹಿಡಿದರು.

"ಇದೇ ಕಂಪನಿದು! ಜಾರಿದ್ದೇ ಗೊತ್ತಾಗಲಿಲ್ಲ!"

ಸ್ಕ್ವಾಡಮ್ಮ ಅದನ್ನು ತಿರುಗಿಸಿ ತೋರಿಸಿದರು. ಇಪ್ಪತ್ತೇಳು.

ಅತ್ತೆ ನಕ್ಕ ನಗುವಿಗೆ ಮಲಗಿದ್ದ ಮಗನೂ ಗಡ್ಡ ಕೆರೆದುಕೊಳ್ಳುತ್ತ ಎದ್ದುಬಂದ. ಮಾವ ಸದ್ದಿಲ್ಲದೆ ನಲ್ಲಿಯ ಕೆಂಪು ಬಾವುಟ ಬಿಚ್ಚಿ ಒಳಗೆ ಹೋದರು.

ಎಂಟು ಗಂಟೆಗೆ ಸೊಸೆ ಬುತ್ತಿ ಹಿಡಿದು ಕೆಲಸಕ್ಕೆ ಹೊರಟಾಗ ಅವರು ಗೇಟಿನ ಬಳಿ ಕಾಯುತ್ತಿದ್ದರು. ಕೈಯಲ್ಲಿ ಹಸಿರು ಬಾವುಟ.

"ತಪ್ಪು ನನ್ನದು ಮಗಳೇ. ನಿನ್ನ ಮಾತೂ ಅಸಲಿ, ಮಾಲೂ ಅಸಲಿ" ಎಂದು ಅದನ್ನು ಬಿಡಿಸಿ ಬೀಸಿದರು. "ಇಪ್ಪತ್ತೇಳನೇ ನಂಬರಿಗೆ ಲೈನ್ ಕ್ಲಿಯರ್!"

ಅವಳು ಬೀದಿಯ ತಿರುವು ದಾಟುವವರೆಗೂ ಬಾವುಟ ಕೆಳಗಿಳಿಯಲಿಲ್ಲ.