ಬಿಸಿಲಿಗೆ ಬಿದ್ದ ರೀಲು

"ಕ್ಯಾಮೆರಾ ಕೊಡು. ಇಲ್ಲಾ ತಲೆ ಕೊಡು!"

ರೈಫಲ್ ತುದಿ ನನ್ನ ಕಿವಿಯ ಹಿಂದೆ. ಇನ್ನೂ ಬಿಸಿ ಇತ್ತು... ಈಗತಾನೇ ಯಾರ ಮೇಲೋ ಹಾರಿಸಿ ಬಂದಿದ್ದರು.

ನನಗೆ ಹೆದರಿಕೆಗಿಂತ ಸುಸ್ತು ಜಾಸ್ತಿ, ಸ್ವಾಮೀ. ಯುದ್ಧದ ಫೋಟೋ ತೆಗೆಯೋ ಕಸುಬಿಗೆ ಇಪ್ಪತ್ತಾರು ವರ್ಷ, ಒಂಬತ್ತು ಯುದ್ಧ. ಹೆಂಡತಿ ನನ್ನನ್ನು "ನೆಂಟರು" ಅಂತಲೇ ಕರೀತಾಳೆ. ಚೆಕ್‌ಪೋಸ್ಟು ಎಲ್ಲಾ ಒಂದೇ... ಮರಳಿನ ಮೂಟೆ, ಮುರುಕು ಕುರ್ಚಿ, ಕುರ್ಚಿಯಲ್ಲೊಬ್ಬ ಕ್ಯಾಪ್ಟನ್.

ಈ ಕ್ಯಾಪ್ಟನ್ ಮೆತ್ತಗೆ ಮಾತಾಡೋನು. ಅಂಥವರೇ ಡೇಂಜರ್!

"ಊರಲ್ಲಿ ಹನ್ನೊಂದು ಜನ ಡಾಕ್ಟ್ರು. ಒಬ್ರು ಬಂಡುಕೋರರಿಗೆ ಹೊಲಿಗೆ ಹಾಕ್ತಿದ್ದಾರೆ. ಯಾರು?"

"ಗೊತ್ತಿಲ್ಲ."

"ನಿನ್ನ ರೀಲಿಗೆ ಗೊತ್ತಿರುತ್ತೆ."

ಗೊತ್ತಿತ್ತು!

"ಕೈ ಮಾತ್ರ ತೆಗೀರಿ, ಮುಖ ಬೇಡ" ಅಂತ ಬಂಡುಕೋರನೊಬ್ಬನಿಗೆ ಹೊಲಿಗೆ ಹಾಕುತ್ತಾ ಡಾಕ್ಟರಮ್ಮ ಬೆಳಿಗ್ಗೆ ಬೇಡಿಕೊಂಡಿದ್ದರು. ಹೂಂ ಅಂದಿದ್ದೆ. ಆದರೆ ನೆಲಮಾಳಿಗೆಯ ಕಿಂಡಿಯಿಂದ ಬೆಳಕು ಬಂದು ಅವರ ಕೆನ್ನೆ ಮೇಲೆ ಕೂತುಬಿಡ್ತು... ಬೆರಳು ಕೇಳಲಿಲ್ಲ. ಒಂದೇ ಫ್ರೇಮು. ಅಂಥದ್ದು ಈ ಜನ್ಮದಲ್ಲಿ ಇನ್ನೊಂದು ತೆಗೆದಿಲ್ಲ.

ಜೇಬಿನಿಂದ ಖಾಲಿ ರೀಲು ತೆಗೆದು, ಇದೇ ಅಂತ ಕೊಟ್ಟೆ. ನಮ್ಮ ಕಸುಬಿನ ಹಳೇ ಆಟ.

ಕ್ಯಾಪ್ಟನ್ ನಕ್ಕ. ನನ್ನ ಕೊರಳಲ್ಲಿದ್ದ ಕ್ಯಾಮೆರಾದ ರೀಲು ಸುತ್ತೋ ತಿರುಪನ್ನ ಎರಡೇ ಬೆರಳಲ್ಲಿ ತಿರುವಿ ನೋಡಿದ.

"ಬಿಗಿಯಾಗಿದೆ. ರೀಲು ಒಳಗೇ ಇದೆ. ಹನ್ನೆರಡು ವರ್ಷ ಮದುವೆ ಫೋಟೋ ತೆಗೆದಿದ್ದೀನಿ ಕಣಯ್ಯಾ... ನನ್ನ ಹತ್ರಾನೇ ನಾಟಕವಾ? ನೀಟಾಗಿ ಸುತ್ತಿ ಕೊಡು. ನನ್ನ ಸ್ಟುಡಿಯೋ ಇನ್ನೂ ಇದೆ. ಸಂಜೆಗೆ ತೊಳೆದು ನೋಡ್ತೀನಿ."

ಸತ್ತೆ! ಅಲ್ಲ... ಡಾಕ್ಟರಮ್ಮ ಸತ್ತರು.

ತಿರುಪು ಹಿಡಿದೆ. ಸುತ್ತಲಿಲ್ಲ. ಮೇಲಕ್ಕೆಳೆದೆ.

ಟಕ್! ಹಿಂದಿನ ಮುಚ್ಚಳ ತೆರೆದುಕೊಂಡಿತು. ರೀಲು ಕಿತ್ತು ಮಾರುದ್ದ ಎಳೆದೆ. ಮಟಮಟ ಮಧ್ಯಾಹ್ನ! ತೊಳೆಯದ ಫಿಲಮ್ಮಿಗೆ ಬಿಸಿಲು ಅಂದರೆ ವಿಷ.

"ಅಯ್ಯಯ್ಯೋ!"

ಕೂಗಿದ್ದು ಯಾರು ಗೊತ್ತೇ? ಕ್ಯಾಪ್ಟನ್! ಟೋಪಿ ತೆಗೆದು ರೀಲಿಗೆ ನೆರಳು ಹಿಡಿಯೋಕೆ ಓಡಿ ಬಂದ, ಪಾಪ... ತಡವಾಗಿತ್ತು.

"ಎಷ್ಟು ಫ್ರೇಮು?" ದನಿ ಸಣ್ಣಗಾಗಿತ್ತು.

"ಮೂವತ್ತನಾಲ್ಕು."

"ಚೆನ್ನಾಗಿದ್ದಿದ್ದು?"

"ಒಂದು."

ಸಾವಿನ ಮನೆಯಲ್ಲಿ ಕೂತ ಹಾಗೆ ಇಬ್ಬರೂ ರೀಲನ್ನೇ ನೋಡ್ತಾ ನಿಂತ್ವಿ. ಆಮೇಲೆ ನನ್ನ ಬಲಗೈಯ ತೋರುಬೆರಳು ಹಿಡಿದು ಮುರಿದ. ಗುಂಡಿ ಒತ್ತೋ ಬೆರಳು ಯಾವುದು ಅಂತ ಫೋಟೋಗ್ರಾಫರಿಗೆ ಹೇಳಿಕೊಡಬೇಕೇ?

ಮೂರು ವಾರವಾದ ಮೇಲೆ, ಗಡಿಯಾಚೆಯ ನಿರಾಶ್ರಿತರ ಡೇರೆಯಲ್ಲಿ ಡಾಕ್ಟರಮ್ಮ ಸಿಕ್ಕರು. ಸೊಟ್ಟ ಬೆರಳು ತಿರುಗಿಸಿ ನೋಡಿದರು.

"ಯಾವ ದಡ್ಡ ಇದನ್ನ ಕೂಡಿಸಿದ್ದು?"

"ನಾನೇ. ಪೆನ್ಸಿಲ್ ಕಟ್ಟಿಕೊಂಡಿದ್ದೆ."

"ಅವತ್ತು ಮುಖ ತೆಗೆದ್ರಿ ಅಲ್ವಾ? ನನಗೆ ಗೊತ್ತಾಯ್ತು... ಮಾತಿಗೆ ತಪ್ಪಿದ ಮನುಷ್ಯ!"

ಚೆನ್ನಾಗಿ ಬೈದರು. ಬೈಸಿಕೊಂಡೆ. ರೀಲಿನ ಕತೆ ಹೇಳಿದೆ. ಬೆರಳಿಗೆ ಹೊಸದಾಗಿ ಪಟ್ಟಿ ಸುತ್ತಿದರು. ಗಂಟು ಹಾಕುತ್ತಾ, ತಲೆ ಎತ್ತದೆ, ಕೇಳಿದರು.

"ಅದ್ರಲ್ಲಿ... ಹೇಗೆ ಬಂದಿದ್ದೆ ನಾನು?"

"ಕಣ್ಣು ಮುಚ್ಚಿಬಿಟ್ಟಿದ್ರಿ ಡಾಕ್ಟ್ರೇ," ಅಂದೆ. "ವೇಸ್ಟು."