ಎರಡನೆಯ ಕನ್ನಡಕ

"ಕನ್ನಡಕ ಇಲ್ಲ!"

ಹೋಟೆಲಿನ ತಿಂಡಿ ಕೋಣೆಯಲ್ಲಿ ಕ್ಯಾಪ್ಟನ್ ಕೂಗಿದ್ದು ಕೇಳಿ ಸಹಪೈಲಟ್ ಕಾಫಿ ಲೋಟ ಕೆಳಗಿಟ್ಟ. ಹಾಕಿಕೊಂಡಿದ್ದ ಕನ್ನಡಕದ ತಿರುಪು ಸಡಿಲವಾಗಿದೆಯೆಂದು ಆಕೆ ಬ್ಯಾಗಿನಿಂದ ಇನ್ನೊಂದರ ಡಬ್ಬಿ ತೆಗೆದಿದ್ದಳು. ಡಬ್ಬಿಯಲ್ಲಿದ್ದದ್ದು ಒಂದು ಮುರುಕು ಬಾಚಣಿಗೆ!

ಕನ್ನಡಕ ಹಾಕುವ ಪೈಲಟ್ ಬಳಿ ಎರಡನೆಯದೊಂದು ಇರಲೇಬೇಕು. ಇಲ್ಲದಿದ್ದರೆ ಹಾರುವಂತಿಲ್ಲ. ಹದಿಮೂರು ಗಂಟೆ ಹಾರಿ ಈ ದೇಶಕ್ಕೆ ಬಂದು ಎರಡು ದಿನವಾಗಿತ್ತು. ವಾಪಸು ಹೊರಡಲು ಉಳಿದದ್ದು ನಾಲ್ಕೇ ಗಂಟೆ. ಕ್ಯಾಪ್ಟನ್ ಆದ ಮೇಲೆ ಆಕೆಗಿದು ಮೊದಲ ದೂರದ ಹಾರಾಟ. ಆಕೆಯಿಂದಾಗಿ ವಿಮಾನ ನಿಂತರೆ ಆ ಪದವಿ ಉಳಿಯುವುದು ಕಷ್ಟ.

ಸಹಪೈಲಟ್‌ಗೆ ಒಳಗೊಳಗೇ ಖುಷಿಯಾಯಿತು. ಮರುಕ್ಷಣವೇ ನಾಚಿಕೆಯಾಯಿತು. ಆಕೆಗಿಂತ ಎರಡು ವರ್ಷ ಮೊದಲು ಕೆಲಸಕ್ಕೆ ಸೇರಿದವನು ಅವನು. ಬರುವಾಗ ದಾರಿಯುದ್ದಕ್ಕೂ ಕ್ಯಾಪ್ಟನ್ ಸೀಟಿನಲ್ಲಿ ಆಕೆಯನ್ನು ನೋಡಿ ನೋಡಿ ಉರಿದಿದ್ದ. ಮೋಡದಂಚಿನಲ್ಲಿ ಸೂರ್ಯ ಮೂಡಿದಾಗ ಆಕೆ "ಎಷ್ಟು ಚೆನ್ನಾಗಿದೆ ನೋಡಿ!" ಎಂದದ್ದಕ್ಕೂ ಮೈ ಪರಚಿಕೊಳ್ಳುವಂತಾಗಿತ್ತು.

ವಿಚಾರಣೆಗೆ ನಿಂತವಳು ಗಗನಸಖಿಯರ ಮುಖ್ಯಸ್ಥೆ. ಕೊನೆಯ ಸಾಲಿನಲ್ಲಿ ಯಾರೋ ಬೆಲ್ಟ್ ಬಿಚ್ಚಿದರೂ ಮುಂದಿನಿಂದಲೇ ಕಂಡುಹಿಡಿಯುವ ಆಕೆಯನ್ನು ಎಲ್ಲರೂ ಕರೆಯುವುದು 'ದುರ್ಬೀನಕ್ಕ' ಎಂದೇ.

"ಬ್ಯಾಗು ಎಲ್ಲಿತ್ತು, ಕ್ಯಾಪ್ಟನ್?"

"ಕಾಕ್‌ಪಿಟ್‌ನಲ್ಲಿ, ನನ್ನ ಸೀಟಿನ ಹಿಂದೆ. ಇಳಿದ ಮೇಲೆ ರೂಮಿನ ಕಪಾಟಿಗೆ ಬೀಗ ಹಾಕಿಟ್ಟಿದ್ದೆ."

"ಹಾರಾಟದ ನಡುವೆ ನೀವು ಮಲಗೋಕೆ ಹೋದಾಗ ಕಾಕ್‌ಪಿಟ್‌ನಲ್ಲಿ ಯಾರಿದ್ರು?"

"ನಾವಿಬ್ಬರೇ," ಎಂದು, ಹಾರಾಟ ದೂರದ್ದೆಂದು ಜೊತೆಗೆ ಬಂದಿದ್ದ ಮೂರನೆಯ ಪೈಲಟ್ ಸಹಪೈಲಟ್‌ನತ್ತ ನೋಡಿದ. "ನಾನಂತೂ ಮುಂದೆ ನೋಡ್ತಾ ಇದ್ದೆ. ನಿಮ್ಮ ಹಾಗೆ ನನಗೆ ಬೆನ್ನಿಗೂ ಕಣ್ಣಿಲ್ವಲ್ಲ, ಅಕ್ಕ."

"ಅಂದ್ರೆ ನಾನೇ ಕದ್ದೆ ಅಂತಲಾ?" ಸಹಪೈಲಟ್ ದಡಕ್ಕನೆ ಎದ್ದ.

"ಇವರ ಮೇಲೆ ನಿಮಗೆ ಹೊಟ್ಟೆಕಿಚ್ಚು ಇದೆಯೋ ಇಲ್ವೋ? ನಿಜ ಹೇಳಿ," ಎಂದಳು ದುರ್ಬೀನಕ್ಕ.

"ಇದೆ. ಬೇಕಾದಷ್ಟಿದೆ. ಆದರೆ ಬ್ಯಾಗು ಮುಟ್ಟಿಲ್ಲ."

ದುರ್ಬೀನಕ್ಕ ಬಾಚಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮನೆಯಿಂದ ಹೊರಡುವಾಗ ಕನ್ನಡಕ ಇತ್ತಾ, ಕ್ಯಾಪ್ಟನ್?"

"ಇತ್ತು! ಬಾಗಿಲು ದಾಟೋ ಮುಂಚೆ ಪ್ರತಿ ಸಲ ಡಬ್ಬಿ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತೀನಿ. ಸದ್ದು ಬಂತು."

"ತೆರೆದು ನೋಡಿದ್ರಾ?"

"ಇಲ್ಲ," ಎಂದಳು ಕ್ಯಾಪ್ಟನ್.

"ವಿಮಾನದಲ್ಲಿ ಕದ್ದವರಿಗೆ ಬಾಚಣಿಗೆ ಯಾಕೆ ಬೇಕು? ಖಾಲಿ ಡಬ್ಬಿ ಮುಚ್ಚಿಟ್ಟರೆ ಸಾಕಿತ್ತು. ನಾವೆಲ್ಲ ಇದನ್ನ ಕುಚೇಷ್ಟೆ ಅಂದ್ಕೊಂಡ್ವಿ. ಅಲ್ಲ, ಇದನ್ನ ಇಟ್ಟಿದ್ದೇ ಸದ್ದಿಗೆ! ಡಬ್ಬಿ ಸದ್ದು ಮಾಡಬೇಕಾಗಿದ್ದು ಒಂದೇ ಕಡೆ — ನಿಮ್ಮ ಮನೆ ಬಾಗಿಲಲ್ಲಿ. ಅಲ್ಲಿ ನಿಂತು ನಿಮ್ಮನ್ನ ಕಳಿಸಿಕೊಡೋದು ಯಾರು?"

"ನಮ್ಮ ಯಜಮಾನರು." ದನಿ ಇಳಿಯಿತು. "ಬ್ಯಾಗು ಜೋಡಿಸಿಕೊಡೋದೂ ಅವರೇ. ಅವರೂ ಪೈಲಟ್ ಆಗಿದ್ರು. ಕಿವಿ ತೊಂದರೆಯಿಂದ ಲೈಸೆನ್ಸ್ ಹೋಗಿ ಮೂರು ವರ್ಷ ಆಯ್ತು."

"ಹಾಗಾದ್ರೆ ತೆಗೆದದ್ದು ಅವರೇ," ಎಂದಳು ದುರ್ಬೀನಕ್ಕ ಮೆತ್ತಗೆ.

ಕ್ಯಾಪ್ಟನ್ ಅಲ್ಲೇ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. "ಕನ್ನಡಕ ಎಲ್ಲಿ, ರೀ?"

ಆ ಕಡೆಯಿಂದ ಗಂಡನ ದನಿ ಬಂತು — "ನನ್ನ ಮೇಜಿನ ಡ್ರಾಯರ್‌ನಲ್ಲಿ. ಪ್ರತಿ ಸಲ ನೀನು ಹಾರ್ತೀಯ, ನಾನು ಬಾಗಿಲಲ್ಲಿ ನಿಂತು ಕೈ ಬೀಸ್ತೀನಿ. ಒಂದು ದಿನ ನೀನೂ ನೆಲದ ಮೇಲೆ ಉಳಿದು ನೋಡಬೇಕು ಅನ್ನಿಸಿಬಿಡ್ತು."

ಕ್ಯಾಪ್ಟನ್ ಫೋನು ಇಟ್ಟಳು. ಸಹಪೈಲಟ್‌ಗೆ ಆ ಮಾತು ತನ್ನ ಬಾಯಿಂದಲೇ ಬಿದ್ದ ಹಾಗೆ ಕೇಳಿಸಿತ್ತು. ಅವನು ಕೋಟು ಎತ್ತಿಕೊಂಡ.

"ಕಣ್ಣಿನ ಡಾಕ್ಟರ ಚೀಟಿ ಕೊಡಿ, ಕ್ಯಾಪ್ಟನ್. ಎದುರುಗಡೆ ಕನ್ನಡಕದ ಅಂಗಡಿ ಇದೆ. ಒಂದು ಗಂಟೆಯಲ್ಲಿ ಮಾಡಿಕೊಡ್ತಾರಂತೆ."

"ನೀವಾ?"

"ನಾನೇ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ, ಮನಸ್ಸು ಬದಲಾಗೋ ಮುಂಚೆ ಬೇಗ ಕೊಡಿ."